ತಾತ ಕೇಳಿದ ಪ್ರಶ್ನೆ ಮತ್ತು 1675ರ ಎರಡು ಪುಸ್ತಕಗಳು

ಬಿನ್ನಿಪೇಟೆಯ ನಮ್ಮ ಬೀದಿಯಲ್ಲಿ ಪ್ರತಿ ಸೋಮವಾರ ರಾತ್ರಿ ಊಟವಾದ ಮೇಲೆ ಭಜನೆ ಇರುತ್ತಿತ್ತು. ಹತ್ತಡಿ ಅಗಲದ ಒಂದು ಕೋಣೆ, ಗೋಡೆಯ ಮೇಲೆ ಈಶ್ವರನ ಪಟ, ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಒಂದು ದಮ್ಮಡಿ. ಹಾಡುವವರಲ್ಲಿ ಹೆಚ್ಚಿನವರು ಮಿಲ್ಲಿನ ಕೆಲಸಗಾರರು. ರಾತ್ರಿ ಪಾಳಿಯವರು ಸೈರನ್ ಕೂಗುವ ಹೊತ್ತಿಗೆ ಪದದ ನಡುವೆಯೇ ಎದ್ದು, ಟವೆಲ್ ಕೊಡವಿ ಹೊರಡುತ್ತಿದ್ದರು. ಅವರು ಬಿಟ್ಟ ಸಾಲನ್ನು ಉಳಿದವರು ಎತ್ತಿಕೊಳ್ಳುತ್ತಿದ್ದರು.

ನಮ್ಮ ತಾತ ಅಲ್ಲಿ ಮುಂದಾಳು. ಮಾಗಡಿ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಬಂದು ಮಿಲ್ಲಿಗೆ ಸೇರಿದವನು. 1884ರಲ್ಲಿ ಶುರುವಾಗಿ, ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು, ಕೊನೆಗೆ ಇಡೀ ಬಡಾವಣೆಗೇ ತನ್ನ ಹೆಸರು ಕೊಟ್ಟ ಮಿಲ್ಲು ಅದು. ತಾತ ಓದಿದ್ದು ಮೂರನೇ ಕ್ಲಾಸು. ಆದರೆ ನಿಜಗುಣ ಶಿವಯೋಗಿಯ 'ಕೈವಲ್ಯ ಪದ್ಧತಿ', ಸರ್ಪಭೂಷಣ ಶಿವಯೋಗಿಯ 'ಕೈವಲ್ಯ ಕಲ್ಪವಲ್ಲರಿ' ಎರಡರಲ್ಲೂ ಅವನಿಗೆ ಬಾಯಿಗೆ ಬಾರದ ಪದಗಳು ಕಡಿಮೆ. ಪದ ಮುಗಿದ ಮೇಲೆ ಅರ್ಥ ಹೇಳುವುದೂ ಇತ್ತು. ಜೀವ ಯಾವುದು, ಈಶ್ವರ ಯಾವುದು, ಜಗತ್ತು ಎಲ್ಲಿಂದ ಬಂತು ಎಂದು ಬೀಡಿ ಸೇದುತ್ತಾ ಹನ್ನೊಂದು ಗಂಟೆಯವರೆಗೂ ವಾದ ಮಾಡುತ್ತಿದ್ದರು. ಅದನ್ನು 'ತತ್ತ್ವಶಾಸ್ತ್ರ' ಎಂದು ಯಾರೂ ಕರೆಯುತ್ತಿರಲಿಲ್ಲ. 'ಬರ್ತೀಯೇನಪ್ಪ, ಪದ ಹೇಳೋಣ' ಎಂದಷ್ಟೇ ಕರೆಯುತ್ತಿದ್ದರು.

1988ರಲ್ಲಿ ನಾನು ಬಿ.ಎ. ಓದುತ್ತಿದ್ದೆ. ನನ್ನ ವಿಷಯಗಳಲ್ಲಿ ಫಿಲಾಸಫಿ ಒಂದು. ಒಂದು ಸಂಜೆ ತಾತ ಕೇಳಿದ: 'ಏನ್ಲಾ ಓದ್ತಿದೀಯ?' ಸ್ಪಿನೋಜ ಅಂತ ಒಬ್ಬ ಇದ್ದ, ಹಾಲೆಂಡ್ ದೇಶದವನು, ದೇವರು ಅಂದರೂ ಪ್ರಕೃತಿ ಅಂದರೂ ಒಂದೇ ಅಂತ ಹೇಳಿದ ಎಂದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರೆ ನೋಡೋನು ಯಾರ್ಲಾ?' ಎಂದ.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, 'ಅದೆಲ್ಲ ಇಂಗ್ಲಿಷಲ್ಲೇ ಓದ್ಬೇಕು ತಾತ, ನಿಂಗೆ ಅರ್ಥ ಆಗಲ್ಲ' ಎಂದೆ. ಅವನು ಸಿಟ್ಟಾಗಲಿಲ್ಲ. 'ಹೌದಾ' ಎಂದು ಎದ್ದು ಹೋದ. ಎರಡು ವರ್ಷಕ್ಕೆ ತೀರಿಕೊಂಡ. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಇತಿಹಾಸದ ಪುಸ್ತಕಗಳನ್ನು ತಿರುವುತ್ತಾ ಹೋದಂತೆ ನನಗೆ ಗೊತ್ತಾದ ಸಂಗತಿಯೆಂದರೆ, ನಾನು ಅಂದು ಆಡಿದ ಮಾತಿಗೆ ಸ್ಪಿನೋಜನ ಕಾಲದಷ್ಟೇ ಹಳೆಯ ಚರಿತ್ರೆಯಿದೆ. ದೇವರು, ಪ್ರಕೃತಿ, ಒಳ್ಳೆಯ ಬದುಕು - ಈ ಮೂರನ್ನು ಕುರಿತು ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತಾಡಬಹುದು ಎಂಬ ಪ್ರಶ್ನೆಗೆ ಹದಿನೇಳನೆಯ ಶತಮಾನದಲ್ಲಿ ಜನ ಜೈಲಿಗೆ ಹೋಗಿದ್ದಾರೆ. ಅದೇ ಪ್ರಶ್ನೆಗೆ ಕನ್ನಡದಲ್ಲಿ ಬೇರೆಯೇ ಉತ್ತರ ಹೊಳೆದಿತ್ತು.

1675ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷದ ಬೇಸಿಗೆಯಲ್ಲಿ ಬರೂಕ್ ಸ್ಪಿನೋಜ ತಾನು ವರ್ಷಗಟ್ಟಲೆ ತಿದ್ದಿದ್ದ 'ಎಥಿಕ್ಸ್' ಗ್ರಂಥವನ್ನು ಅಚ್ಚು ಹಾಕಿಸಲು ಆಮ್‌ಸ್ಟರ್‌ಡ್ಯಾಮಿಗೆ ಹೋದ. ಆಗ ಅವನಿಗೆ 42 ವರ್ಷ. ಪೋರ್ಚುಗಲ್ಲಿನಿಂದ ಓಡಿಬಂದ ಯಹೂದಿ ಮನೆತನದಲ್ಲಿ ಹುಟ್ಟಿ, 23ನೇ ವಯಸ್ಸಿನಲ್ಲಿ, 1656ರ ಜುಲೈ 27ರಂದು, ತನ್ನ ಸಮುದಾಯದಿಂದಲೇ ಬಹಿಷ್ಕಾರಕ್ಕೆ ಒಳಗಾದವನು. ಮಸೂರಗಳಿಗೆ ಸಾಣೆ ಹಿಡಿಯುವ ಕಸುಬು ಅವನದು. ಪುಸ್ತಕ ಹೊರಬರುವ ಮೊದಲೇ ಊರೆಲ್ಲ ಸುದ್ದಿಯಾಯಿತು: ದೇವರಿಲ್ಲ ಎಂದು ಸಾಧಿಸುವ ಗ್ರಂಥವೊಂದು ಬರುತ್ತಿದೆಯಂತೆ! ಪಾದ್ರಿಗಳು ದೂರು ಕೊಡಲು ಸಿದ್ಧರಾದರು. ಸ್ಪಿನೋಜ ಅಚ್ಚಿನ ಯೋಚನೆ ಕೈಬಿಟ್ಟು ಹೇಗ್ ನಗರಕ್ಕೆ ವಾಪಸಾದ. ಎರಡು ವರ್ಷ ಕಳೆಯುವುದರೊಳಗೆ, 1677ರ ಫೆಬ್ರುವರಿ 21ರಂದು ತೀರಿಕೊಂಡ. ಗೆಳೆಯರು ಆ ವರ್ಷದ ಕೊನೆಗೆ ಅವನ ಗ್ರಂಥಗಳನ್ನು ಪೂರ್ತಿ ಹೆಸರು ಹಾಕದೆ ಬರೀ ಇನಿಷಿಯಲ್‌ಗಳಲ್ಲಿ ಹೊರತಂದರು. 1678ರಲ್ಲಿ ಹಾಲೆಂಡಿನ ಸರ್ಕಾರ ಅವನ್ನು ನಿಷೇಧಿಸಿತು.

ಈಗ ನಮ್ಮ ಕಡೆಗೆ ಬನ್ನಿ. ಆಗಿನ ಬೆಂಗಳೂರು ಕೋಟೆ-ಪೇಟೆಗಳ ಸಣ್ಣ ಊರು. 1638ರಲ್ಲಿ ಬಿಜಾಪುರದವರು ಗೆದ್ದು ಶಹಾಜಿಗೆ ಜಹಗೀರು ಕೊಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕೈಗೆ ಅದು ಸೇರುವುದು 1687ರಲ್ಲಿ. ಇಂಥ ಕಾಲದ ಕನ್ನಡ ನಾಡಿನಲ್ಲಿ ಮಹಲಿಂಗರಂಗ ಎಂಬ ಕವಿ 'ಅನುಭವಾಮೃತ' ಎಂಬ ಷಟ್ಪದಿ ಕಾವ್ಯ ಬರೆದ. ಅದರ ಕಾಲವನ್ನು ವಿದ್ವಾಂಸರು ಸುಮಾರು 1675 ಎಂದೇ ಗುರುತಿಸುತ್ತಾರೆ. ವಸ್ತು ಅಪ್ಪಟ ಅದ್ವೈತ: ಇರುವುದು ಒಂದೇ, ಅದನ್ನು ಅರಿಯುವುದೇ ಬಿಡುಗಡೆ. ಇದನ್ನು ಕನ್ನಡದಲ್ಲಿ ಏಕೆ ಹೇಳುತ್ತಿದ್ದೇನೆ ಎಂದು ಕವಿ ಆರಂಭದಲ್ಲೇ ಸಮಜಾಯಿಷಿ ಕೊಟ್ಟಿದ್ದಾನೆ. ಕನ್ನಡವನ್ನು ಸಿಪ್ಪೆ ತೆಗೆದ ಬಾಳೆಹಣ್ಣಿಗೆ ಹೋಲಿಸುವ ಆ ಪದ್ಯ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು. ರಾಜ್ಯೋತ್ಸವದ ಭಾಷಣಗಳಲ್ಲಿ ಅದನ್ನು ಭಾಷೆಯ ಸಿಹಿಗೆ ಸಾಕ್ಷಿಯಾಗಿ ಹೇಳುತ್ತಾರೆ. ಆದರೆ ಅದು ಬಂದಿರುವುದು ಒಂದು ತತ್ತ್ವಗ್ರಂಥದಲ್ಲಿ ಎಂಬುದನ್ನು ಮರೆಯುತ್ತೇವೆ. ಕವಿ ವಾದಿಸುತ್ತಿರುವುದು ಸಿಹಿಯ ಬಗ್ಗೆ ಮಾತ್ರವಲ್ಲ. ಬಿಡುಗಡೆಯ ದಾರಿ ತಿಳಿಯುವ ಭಾಷೆಯಲ್ಲೇ ಸಿಗುವಾಗ ಸಂಸ್ಕೃತ ಏಕೆ ಬೇಕು ಎಂದು ಅವನು ಕೇಳುತ್ತಿದ್ದಾನೆ. ವೇದ ಕೇಳುವ ಅಧಿಕಾರವೇ ಇಲ್ಲವೆಂದು ಹೆಂಗಸರನ್ನೂ ಶೂದ್ರರನ್ನೂ ಹೊರಗಿಟ್ಟಿದ್ದ ಸಮಾಜದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಹಾಲೆಂಡಿನಲ್ಲಿ ಇದೇ ಪ್ರಶ್ನೆ ಕೇಳಿದವನ ಗತಿ ಏನಾಯಿತು ನೋಡಿ. ಆಡ್ರಿಯಾನ್ ಕೂರ್‌ಬಾಖ್ ಎಂಬವನು ಸ್ಪಿನೋಜನ ಗೆಳೆಯರ ಬಳಗದವನು, ವೈದ್ಯನೂ ಹೌದು, ವಕೀಲನೂ ಹೌದು. 1668ರಲ್ಲಿ ಅವನು ಒಂದು ನಿಘಂಟು ಅಚ್ಚು ಹಾಕಿಸಿದ. ಡಚ್ ಭಾಷೆಯೊಳಗೆ ಸೇರಿಕೊಂಡಿದ್ದ ಲ್ಯಾಟಿನ್, ಗ್ರೀಕ್, ಫ್ರೆಂಚ್ ಪದಗಳಿಗೆ ಸಾಮಾನ್ಯರ ಡಚ್ಚಿನಲ್ಲಿ ಅರ್ಥ ಕೊಡುವ ನಿಘಂಟು. ಪಾದ್ರಿ, ವಕೀಲ, ವೈದ್ಯ ಮೂವರೂ ಜನಕ್ಕೆ ತಿಳಿಯದ ಪದಗಳ ಮರೆಯಲ್ಲಿ ನಿಂತು ಅಧಿಕಾರ ನಡೆಸುತ್ತಾರೆ ಎಂಬುದು ಅವನ ಸಿಟ್ಟು. ಧರ್ಮದ ಪದಗಳ ಅರ್ಥ ಬಿಡಿಸುವಾಗ ಅವನು ಪವಾಡ, ತ್ರಿಮೂರ್ತಿ ತತ್ತ್ವ ಎಲ್ಲವನ್ನೂ ಪ್ರಶ್ನಿಸಿದ. ಎರಡನೆಯ ಪುಸ್ತಕ ಅಚ್ಚಾಗುತ್ತಿದ್ದಾಗ ಮುದ್ರಕನೇ ಹೆದರಿ ಅಧಿಕಾರಿಗಳಿಗೆ ಸುದ್ದಿ ಕೊಟ್ಟ. ಕೂರ್‌ಬಾಖ್‌ಗೆ 10 ವರ್ಷ ಜೈಲು, ಆಮೇಲೆ 10 ವರ್ಷ ಗಡೀಪಾರು, ಜೊತೆಗೆ ಭಾರಿ ದಂಡ. 1669ರ ಅಕ್ಟೋಬರಿನಲ್ಲಿ, ಶಿಕ್ಷೆಯ ಎರಡನೆಯ ವರ್ಷದಲ್ಲೇ, ಸೆರೆಯಲ್ಲಿ ಸತ್ತ.

ಸ್ಪಿನೋಜ ಇದನ್ನು ನೋಡಿ ಎಚ್ಚರಗೊಂಡ ಎನ್ನಬೇಕು. 1670ರಲ್ಲಿ ಧರ್ಮ ಮತ್ತು ರಾಜಕೀಯ ಕುರಿತ ಅವನ ಗ್ರಂಥ ಲೇಖಕನ ಹೆಸರಿಲ್ಲದೆ, ಸುಳ್ಳು ಊರಿನ ಹೆಸರು ಹೊತ್ತು ಲ್ಯಾಟಿನ್ನಿನಲ್ಲಿ ಬಂತು. ಅದರ ಮುನ್ನುಡಿಯಲ್ಲೇ, ಸಾಮಾನ್ಯ ಜನ ಇದನ್ನು ಓದುವುದು ಬೇಡ ಎಂದು ಅವನು ಹೇಳಿಬಿಟ್ಟ. 1671ರ ಫೆಬ್ರುವರಿಯಲ್ಲಿ ಯಾರೋ ಅದನ್ನು ಡಚ್ಚಿಗೆ ತರುತ್ತಿದ್ದಾರೆಂದು ಗೊತ್ತಾದಾಗ, ದಯವಿಟ್ಟು ತಡೆಯಿರಿ ಎಂದು ಗೆಳೆಯ ಯಾರಿಗ್ ಯೆಲ್ಲೆಸ್‌ಗೆ ಕಾಗದ ಬರೆದ. ವಿದ್ವಾಂಸರ ಭಾಷೆಯಲ್ಲಿದ್ದರೆ ಗ್ರಂಥ ಉಳಿಯಬಹುದು, ಮಾರುಕಟ್ಟೆಯ ಭಾಷೆಗೆ ಬಂದರೆ ಮುಟ್ಟುಗೋಲು ಗ್ಯಾರಂಟಿ ಎಂದು ಅವನಿಗೆ ಗೊತ್ತಿತ್ತು.

ಎಲ್ಲ ಯುರೋಪೂ ಹೀಗೇ ಇತ್ತೆಂದಲ್ಲ. ಡೇಕಾರ್ಟ್ 1637ರಲ್ಲಿ ತನ್ನ ಪ್ರಸಿದ್ಧ ಪುಸ್ತಕವನ್ನು ಫ್ರೆಂಚಿನಲ್ಲಿ ಬರೆದ; ಸ್ವಂತ ಬುದ್ಧಿ ಇರುವ ಯಾರೇ ಆದರೂ ಓದಿ ತೀರ್ಪು ಹೇಳಲಿ ಎಂಬುದು ಅವನ ಆಸೆ. 1644ರಲ್ಲಿ ಅದು ಲ್ಯಾಟಿನ್ನಿಗೆ ಹೋಯಿತು. ಇದನ್ನು ಓದುವಾಗ ನನಗೆ ತಾತನ ನಿಜಗುಣ ಶಿವಯೋಗಿ ನೆನಪಾಗುತ್ತಾನೆ. ಈಗಿನ ಚಾಮರಾಜನಗರ ಜಿಲ್ಲೆಯ ಶಂಭುಲಿಂಗನ ಬೆಟ್ಟದಲ್ಲಿ ಇದ್ದನೆಂದು ಹೇಳುವ ಈತ ತ್ರಿಪದಿ, ಸಾಂಗತ್ಯ, ರಗಳೆ, ಹಾಡು, ಗದ್ಯ ಎಲ್ಲದರಲ್ಲೂ ತತ್ತ್ವ ಬರೆದವನು. ಅವನ 'ವಿವೇಕಚಿಂತಾಮಣಿ' ಕನ್ನಡ ಗದ್ಯದಲ್ಲಿರುವ ಒಂದು ವಿಶ್ವಕೋಶ. ತತ್ತ್ವಗಳ ಎಣಿಕೆಯಿಂದ ಹಿಡಿದು ಸಂಗೀತ, ವೈದ್ಯದವರೆಗೆ ಎಲ್ಲವೂ ಅಲ್ಲಿದೆ. ಅದು 1604ರಲ್ಲಿ ಮರಾಠಿಗೂ 1652ರಲ್ಲಿ ಸಂಸ್ಕೃತಕ್ಕೂ ಅನುವಾದವಾಯಿತು. ಫ್ರೆಂಚಿನಿಂದ ಲ್ಯಾಟಿನ್ನಿಗೆ, ಕನ್ನಡದಿಂದ ಸಂಸ್ಕೃತಕ್ಕೆ. ಎಂಟೇ ವರ್ಷಗಳ ಅಂತರದಲ್ಲಿ ಎರಡು ಕಡೆ ನೀರು ತಗ್ಗಿನಿಂದ ಮೇಲಕ್ಕೆ ಹರಿಯಿತು.

ಇಲ್ಲಿಗೆ ನಿಲ್ಲಿಸಿ, ನೋಡಿ ನಮ್ಮವರು ಎಷ್ಟು ಉದಾರಿಗಳು ಎಂದು ಎದೆ ತಟ್ಟಿಕೊಳ್ಳಬಹುದು. ನಾನೂ ಕೆಲವು ವರ್ಷ ಹಾಗೆ ಮಾಡಿದೆ. ಆದರೆ ಮಹಲಿಂಗರಂಗನನ್ನು ಯಾರೂ ಸೆರೆಗೆ ಹಾಕದಿರಲು ಉದಾರತೆಯೊಂದೇ ಕಾರಣವೆಂದು ಈಗ ಅನ್ನಿಸುವುದಿಲ್ಲ. ಎಲ್ಲವೂ ಬ್ರಹ್ಮವೇ ಎಂದು ಹಾಡುವುದರಿಂದ ಊರ ಬಾವಿಯಲ್ಲಿ ಯಾರು ನೀರು ಸೇದಬೇಕು ಎಂಬುದು ಬದಲಾಗುತ್ತಿರಲಿಲ್ಲ. ಬದಲಾಗುವ ಹಾಗೆ ಮಾತಾಡಿದವರ ಕಥೆ ಬೇರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾತು ಮದುವೆಯ ಚಪ್ಪರದವರೆಗೆ ಹೋದಾಗ ರಕ್ತ ಹರಿಯಿತು ಎಂಬುದನ್ನು ಕನ್ನಡಿಗರು ಮರೆತಿಲ್ಲ. ಕೂರ್‌ಬಾಖ್ ಜೈಲಿಗೆ ಹೋದದ್ದು ದೇವರನ್ನು ಕುರಿತು ಮಾತಾಡಿದ್ದಕ್ಕಷ್ಟೇ ಅಲ್ಲ, ದೇವರ ಹೆಸರಿನಲ್ಲಿ ಅಧಿಕಾರ ನಡೆಸುವವರನ್ನು ಜನರ ಭಾಷೆಯಲ್ಲಿ ಮುಟ್ಟಿದ್ದಕ್ಕೆ. ಯಾರೂ ಹೆದರದ ಮಾತನ್ನು ಯಾರೂ ನಿಷೇಧಿಸುವುದಿಲ್ಲ.

ಹಾಗೆಂದು ತಾತನ ಭಜನೆ ಕೋಣೆಯನ್ನು ಹಗುರವಾಗಿ ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಏಕೆಂದರೆ ಅವನ ಪ್ರಶ್ನೆ ಹುಟ್ಟಿದ್ದು ಅಲ್ಲೇ. ಆ ಪ್ರಶ್ನೆ ಎಂಥದ್ದು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

'ಪ್ರಕೃತಿ' ಎಂದು ನಾನು ಬಳಸಿದ ಪದವನ್ನೇ ನೋಡಿ. ನಮ್ಮಲ್ಲಿ ಆ ಪದ ಒಂಟಿಯಲ್ಲ. ಸಾಂಖ್ಯರ ಕಾಲದಿಂದ ಅದಕ್ಕೆ ಪುರುಷ ಎಂಬ ಜೊತೆಯಿದೆ. ಪ್ರಕೃತಿ ಜಡ, ಕಾಣಿಸಿಕೊಳ್ಳುವುದು. ಪುರುಷ ಚೇತನ, ಕಾಣುವವನು. ಕೈವಲ್ಯದ ಹಾಡುಗಳ ಕ್ರಮವೂ ಇದೇ ಜಾಡಿನದು: ಕಾಣುವುದನ್ನೆಲ್ಲ ಒಂದೊಂದಾಗಿ ಬದಿಗಿಡು, ದೇಹ ನಾನಲ್ಲ, ಉಸಿರು ನಾನಲ್ಲ, ಮನಸ್ಸು ನಾನಲ್ಲ, ಕೊನೆಗೆ ಉಳಿಯುವ ನೋಡುವವನೇ ನಾನು. ಇಂಥ ಅಭ್ಯಾಸದಲ್ಲಿ ನಲವತ್ತು ವರ್ಷ ಕಳೆದವನಿಗೆ ಯಾರೋ ಬಂದು 'ದೇವರು ಮತ್ತು ಪ್ರಕೃತಿ ಒಂದೇ' ಎಂದರೆ ಅವನು ಏನು ಕೇಳಬೇಕು? 'ಹಂಗಾರೆ ನೋಡೋನು ಯಾರು' ಎಂದೇ ಕೇಳಬೇಕು. ಎರಡು ದರ್ಶನಗಳು ಎಲ್ಲಿ ಬೇರೆಯಾಗುತ್ತವೋ ಸರಿಯಾಗಿ ಆ ಜಾಗದಲ್ಲೇ ಮೂರನೇ ಕ್ಲಾಸು ಓದಿದ ತಾತ ಬೆರಳಿಟ್ಟಿದ್ದ. ಬಿ.ಎ. ಓದುತ್ತಿದ್ದ ನನಗೆ ಅದು ಕಾಣಲಿಲ್ಲ.

ಇವತ್ತು ಅವನಿಗೆ ಹೇಳುವುದಾದರೆ ಹೀಗೆ ಹೇಳುತ್ತೇನೆ. ತಾತ, ಸ್ಪಿನೋಜನ ಪ್ರಕಾರ ನೋಡುವವನು ಹೊರಗೆ ನಿಂತಿಲ್ಲ. ಇರುವ ವಸ್ತು ಒಂದೇ. ಅದನ್ನೇ ಒಂದು ಕಡೆಯಿಂದ ನೋಡಿದರೆ ದೇಹ, ಇನ್ನೊಂದು ಕಡೆಯಿಂದ ನೋಡಿದರೆ ಮನಸ್ಸು. ನಮ್ಮ ಮನಸ್ಸು ಅಂದರೆ ಈ ದೇಹದ ತಿಳಿವಳಿಕೆಯೇ. ನಿನ್ನ ಹಾಡಿನಲ್ಲಿ ಮಡಕೆ ಬರೀ ಹೆಸರು, ಮಣ್ಣೇ ನಿಜ. ಅವನಲ್ಲಿ ಮಣ್ಣೂ ನಿಜ, ಮಡಕೆಯೂ ನಿಜ. ಮಡಕೆ ಹೇಗೆ ಸುಟ್ಟರು, ಯಾಕೆ ಒಡೆಯಿತು ಎಂದು ತಿಳಿದಷ್ಟೂ ಮಣ್ಣನ್ನು, ಅಂದರೆ ದೇವರನ್ನು, ಹೆಚ್ಚು ತಿಳಿದ ಹಾಗೆ. ನಿನ್ನ ದಾರಿ ಬಿಡುತ್ತಾ ಹೋಗುವುದು, ಅವನ ದಾರಿ ಅರಿಯುತ್ತಾ ಹೋಗುವುದು. ಇಬ್ಬರಿಗೂ ದೇವರು ಹರಕೆ ಕೇಳಿ ವರ ಕೊಡುವ ಯಜಮಾನನಲ್ಲ. ದೇವರನ್ನು ಪ್ರೀತಿಸುವವನು ದೇವರು ತನ್ನನ್ನು ತಿರುಗಿ ಪ್ರೀತಿಸಲಿ ಎಂದು ಬಯಸಲಾರ ಎಂಬುದು ಸ್ಪಿನೋಜನ ಮಾತಿನ ಸಾರ. ಅದು ನಿನಗೆ ಹಿಡಿಸುತ್ತಿತ್ತು ಎಂದುಕೊಂಡಿದ್ದೇನೆ.

ವ್ಯತ್ಯಾಸ ಬದುಕಿನಲ್ಲಿ ಕಾಣುವುದು ಕಷ್ಟ ಬಂದಾಗ. ತಲೆಯ ಮೇಲೆ ಹೆಂಚು ಬಿದ್ದು ಒಬ್ಬ ಸತ್ತರೆ ಜನ ಯಾಕೆ, ಯಾಕೆ ಎಂದು ಕೇಳುತ್ತಾ ಹೋಗಿ, ಕೊನೆಗೆ ದೇವರ ಇಚ್ಛೆ ಎಂಬಲ್ಲಿ ಆಶ್ರಯ ಪಡೆಯುತ್ತಾರೆ, ಅದು ಅಜ್ಞಾನದ ಆಶ್ರಯ ಎಂದು ಸ್ಪಿನೋಜ ವಾದಿಸುತ್ತಾನೆ. ನಮ್ಮ ಊರಿನ ಕಥೆಯೇ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಒಂದು ಕಡೆ ಪ್ಲೇಗಮ್ಮನ ಗುಡಿಗಳು ಎದ್ದವು. ಇನ್ನೊಂದು ಕಡೆ ಗಾಳಿ-ಬೆಳಕು ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳು ಎದ್ದವು. ಮೊದಲನೆಯದು ಭಯಕ್ಕೆ ಜೊತೆ ಕೊಟ್ಟಿತು, ಎರಡನೆಯದು ಕಾರಣ ಹುಡುಕಿತು. ಸ್ಪಿನೋಜ ಎರಡನೆಯವರ ಪಕ್ಷ. ಅವನ ಒಳ್ಳೆಯ ಬದುಕಿನಲ್ಲಿ ಮೈಯನ್ನು ದಂಡಿಸುವುದೂ ಇಲ್ಲ: ಹಿತಮಿತ ಊಟ, ಹಸಿರು ಗಿಡ, ಸುವಾಸನೆ, ಸಂಗೀತ, ನಾಟಕ ಎಲ್ಲವೂ ವಿವೇಕಿಗೆ ಬೇಕು ಎನ್ನುತ್ತಾನೆ. ಸಾವನ್ನು ಕುರಿತು ಚಿಂತಿಸುತ್ತಾ ಕೂರುವವನು ಸ್ವತಂತ್ರನಲ್ಲ ಎನ್ನುತ್ತಾನೆ.

ಹಿಂದೊಮ್ಮೆ, ಎಂಟು ಗಂಟೆ ಮಗ್ಗದ ಮುಂದೆ ನಿಂತು ಬಂದವರು 'ದೇಹ ನಾನಲ್ಲ' ಎಂದು ಹಾಡುವುದು ಪಲಾಯನ ಎಂದು ನಾನು ತಿಳಿದಿದ್ದೆ. ಸ್ಪಿನೋಜನನ್ನು ಓದಿದ್ದ ನನಗೆ, ಕಾಲುನೋವಿಗೆ ಕಾರಣ ಹುಡುಕಿ, ಪಾಳಿಯ ಲೆಕ್ಕ ಕೇಳಿ ಎನ್ನುವುದೇ ಸರಿಯಾದ ತತ್ತ್ವವಾಗಿ ಕಂಡಿತ್ತು. ಆದರೆ ತಾತ ಯೂನಿಯನ್ನಿಗೂ ತಪ್ಪದೆ ಚಂದಾ ಕಟ್ಟುತ್ತಿದ್ದ, ಗೇಟ್ ಮೀಟಿಂಗಿಗೂ ಹೋಗುತ್ತಿದ್ದ. ಹಗಲಿನ ಲೆಕ್ಕವನ್ನು ಹಗಲಲ್ಲೇ ಕೇಳಿದವನು ಅವನು. ಪಾಳಿ ಕೊಂಡುಕೊಳ್ಳಲಾಗದ್ದೇನೋ ತನ್ನಲ್ಲಿದೆ ಎಂದು ರಾತ್ರಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವನಿಗೆ ತೊಂದರೆಯಾಗಲಿಲ್ಲ.

ಸ್ಪಿನೋಜನ ಬಗ್ಗೆ ಇನ್ನೊಂದು ಪ್ರಸಂಗವಿದೆ. ಹೇಗ್‌ನಲ್ಲಿ ಅವನು ಕೊನೆಯ ವರ್ಷಗಳನ್ನು ಕಳೆದದ್ದು ವಾನ್ ಡೆರ್ ಸ್ಪೈಕ್ ಎಂಬ ಚಿತ್ರಕಾರನ ಮನೆಯ ಬಾಡಿಗೆ ಕೋಣೆಯಲ್ಲಿ. ಅವನ ಕಾಲದ ನಂತರ ಆ ಮನೆಯವರನ್ನು ಕಂಡು ಮಾತಾಡಿ ಜೀವನಚರಿತ್ರೆ ಬರೆದ ಕೊಲೆರಸ್ ಎಂಬ ಪಾದ್ರಿ ಇದನ್ನು ಹೇಳುತ್ತಾನೆ. ಒಮ್ಮೆ ಮನೆ ಒಡತಿ, ನನ್ನ ಧರ್ಮದಲ್ಲಿದ್ದುಕೊಂಡೇ ನನಗೆ ಸದ್ಗತಿ ಸಿಗುತ್ತದೆಯೇ ಎಂದು ಸ್ಪಿನೋಜನನ್ನು ಕೇಳಿದಳಂತೆ. ನಿಮ್ಮ ಧರ್ಮ ಒಳ್ಳೆಯದೇ, ಬೇರೆ ಹುಡುಕಬೇಕಾಗಿಲ್ಲ, ಶಾಂತವಾಗಿ ಭಕ್ತಿಯಿಂದ ಬದುಕಿದರೆ ಸಾಕು ಎಂದು ಅವನು ಉತ್ತರಿಸಿದನಂತೆ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ನಾಚಿಕೆಯೂ ಆಗುತ್ತದೆ, ಸ್ವಲ್ಪ ಅನುಮಾನವೂ ಬರುತ್ತದೆ. ನಾಚಿಕೆ ಏಕೆಂದರೆ, ಯುರೋಪಿನ ಅತಿ ದೊಡ್ಡ ತತ್ತ್ವಜ್ಞಾನಿ ತನ್ನನ್ನು ಕೇಳಿದ ಹೆಂಗಸಿಗೆ ಮರ್ಯಾದೆಯ ಉತ್ತರ ಕೊಟ್ಟ, ನಾನು ನನ್ನ ತಾತನಿಗೆ ಕೊಡಲಿಲ್ಲ. ಅನುಮಾನ ಏಕೆಂದರೆ, ಆ ಕೋಣೆಯಲ್ಲಿ ತಾನು ನಿಜವಾಗಿ ಏನು ಬರೆಯುತ್ತಿದ್ದೇನೆ ಎಂದು ಅವನೂ ಅವಳಿಗೆ ಹೇಳಲಿಲ್ಲ. ಅವಳಿಗೆ ತಿಳಿಯುವ ಭಾಷೆಯಲ್ಲಿ ಅದು ಇರಲೂ ಇಲ್ಲ. ಅವನದು ಕನಿಕರವಿದ್ದಿರಬಹುದು, ಭಯವಿದ್ದಿರಬಹುದು. ಕೂರ್‌ಬಾಖ್ ಸತ್ತ ದೇಶದಲ್ಲಿ ಭಯಕ್ಕೆ ಕಾರಣವಿತ್ತು. 1988ರ ಬಿನ್ನಿಪೇಟೆಯಲ್ಲಿ ನನಗೆ ಯಾವ ಜೈಲಿನ ಭಯವೂ ಇರಲಿಲ್ಲ. ನನಗಿದ್ದದ್ದು ಇಂಗ್ಲಿಷಿನ ಬಿಂಕ. ಅದರ ಕೆಳಗೆ, ಕನ್ನಡದಲ್ಲಿ ಹೇಳಲು ಹೊರಟರೆ ನನಗೇ ಅರ್ಥವಾಗಿಲ್ಲ ಎಂಬುದು ಬಯಲಾದೀತು ಎಂಬ ಅಳುಕು.

ಈಗ ಮಿಲ್ಲು ಇಲ್ಲ. ಅದಿದ್ದ ಜಾಗದಲ್ಲಿ ಮಾಲ್ ಇದೆ, ಕತ್ತೆತ್ತಿ ನೋಡಬೇಕಾದಷ್ಟು ಎತ್ತರದ ಅಪಾರ್ಟ್‌ಮೆಂಟುಗಳಿವೆ. ಭಜನೆಯ ಕೋಣೆ ಇದ್ದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಇಲ್ಲಿಂದ ಸ್ವಲ್ಪ ದೂರದಲ್ಲಿ, ಮೆಜೆಸ್ಟಿಕ್ ಹತ್ತಿರ, ಸರ್ಪಭೂಷಣ ಶಿವಯೋಗಿಯ ಹೆಸರಿನ ಮಠ ಇದೆ. ಬಸ್ಸಿಗೆ ಓಡುವವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ. ತಾತನ 'ಕೈವಲ್ಯ ಪದ್ಧತಿ', ಅಗ್ಗದ ಕಾಗದದ ಮುದ್ರಣ, ಬೆನ್ನು ಕಿತ್ತು ಹೋದದ್ದು, ನನ್ನ ಬೀರುವಿನಲ್ಲಿದೆ.

ಈ ಬರಹವನ್ನು ಮೊದಲು ಓದಿದ್ದು ನನ್ನ ಮಗಳು. ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡ ನಿಧಾನವಾಗಿ ಓದುತ್ತಾಳೆ. ಮುಗಿಸಿ ಕೇಳಿದಳು: 'ಸರಿ ಅಪ್ಪ, ನೋಡೋನು ಒಳಗೇ ಇದಾನೆ ಅಂದ್ರೆ, ಅವನು ತನ್ನನ್ನೇ ಪೂರ್ತಿ ನೋಡ್ಕೊಳ್ಳೋಕೆ ಆಗುತ್ತಾ?'

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಕಣೇ, ಕೂತ್ಕೋ, ಯೋಚನೆ ಮಾಡೋಣ ಎಂದೆ.